ಈ ವಾರದ ಓದು: ಪರದೆ ಇಳಿದ ಮೇಲೆ ಉಳಿಯುವ ಪುಟಗಳು

"ಸಿನಿಮಾ ಪತ್ರಿಕೇಲಿ ಪುಸ್ತಕದ ಕಾಲಂ ಯಾಕ್ರೀ? ಸಿನಿಮಾ ನೋಡಿದ್ರೆ ಕತೆ ಗೊತ್ತಾಗಲ್ವಾ?" ಓದುಗ ಮಿತ್ರರು ಆಗಾಗ ಕೇಳ್ತಾನೇ ಇರ್ತಾರೆ. ನ್ಯಾಯವಾದ ಪ್ರಶ್ನೆಯೇ! ಭಾಷಣ ಬೇಡ. ಈ ತಿಂಗಳು ಓದಿದ ಐದು ಪುಸ್ತಕಗಳನ್ನು ನಿಮ್ಮ ಮುಂದೆ ಇಡ್ತೀನಿ. ತೀರ್ಪು ನಿಮ್ಮದು.

ಬರದೇ ಹೋದ ಡಾಕ್ಟರು

ಮೊದಲನೆಯದು ಗಿರೀಶ ಕಾರ್ನಾಡರ ಆತ್ಮಕತೆ 'ಆಡಾಡತಾ ಆಯುಷ್ಯ'. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದದ್ದು. ಪುಸ್ತಕವನ್ನು ಅರ್ಪಿಸಿರುವುದು ಯಾರಿಗೆ ಗೊತ್ತೆ? ಒಬ್ಬ ಡಾಕ್ಟರಮ್ಮನಿಗೆ! ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ಈ ಬಸಿರು ಬೇಡವೆಂದು ತಾಯಿ ಆಸ್ಪತ್ರೆಗೆ ಹೋಗಿದ್ದರಂತೆ. ಡಾಕ್ಟರು ಹೊತ್ತಿಗೆ ಸರಿಯಾಗಿ ಬರಲಿಲ್ಲ, ಕಾದು ಕಾದು ವಾಪಸು ಬಂದರು. ಆ ಡಾಕ್ಟರು ಬಂದಿದ್ದರೆ 1970ರ 'ಸಂಸ್ಕಾರ'ಕ್ಕೆ ಬೇರೊಬ್ಬ ಪ್ರಾಣೇಶಾಚಾರ್ಯರನ್ನು ಹುಡುಕಬೇಕಾಗುತ್ತಿತ್ತು!

ನನ್ನನ್ನು ಹಿಡಿದದ್ದು ತಾಯಿಯ ಕತೆ. ಚಿಕ್ಕ ವಯಸ್ಸಿಗೇ ವಿಧವೆ, ಕೈಯಲ್ಲೊಂದು ಮಗು. ನರ್ಸ್ ಕೆಲಸ ಕಲಿತರು, ಆಮೇಲೆ ಡಾಕ್ಟರೊಬ್ಬರನ್ನು ಮರುಮದುವೆಯಾದರು. ಬಿ.ವಿ. ಕಾರಂತರ ಜೊತೆ ಸೇರಿ ಕಾರ್ನಾಡರು ನಿರ್ದೇಶಿಸಿದ 'ವಂಶವೃಕ್ಷ'ದಲ್ಲಿ ವಿಧವೆ ಕಾತ್ಯಾಯಿನಿ ಮತ್ತೆ ಮದುವೆಯಾಗುವ ಪಾಡು ನೋಡಿದ್ದೀರಿ. ಅಂಥದೊಂದು ಮದುವೆ ನಿರ್ದೇಶಕರ ಮನೆಯಲ್ಲೇ ನಡೆದಿತ್ತು ಅನ್ನೋದನ್ನ ಪರದೆ ಹೇಳಲಿಲ್ಲ, ಪುಸ್ತಕ ಹೇಳಿತು. ಕೊರಗು ಒಂದೇ. ಕತೆ ಅರ್ಧ ಆಯುಷ್ಯಕ್ಕೇ ನಿಲ್ಲುತ್ತದೆ. 2019ರಲ್ಲಿ ಕಾರ್ನಾಡರು ತೀರಿಕೊಂಡರು, ಉಳಿದರ್ಧ ಬರಲೇ ಇಲ್ಲ.

ಕೊನೇ ಪುಟ ಎಲ್ಲಿ ಸ್ವಾಮಿ?

ಎರಡನೆಯದು ಎನ್. ನರಸಿಂಹಯ್ಯನವರ ಒಂದು ಹಳೇ ಪತ್ತೇದಾರಿ. 500ಕ್ಕೂ ಹೆಚ್ಚು ಬರೆದ ಪುಣ್ಯಾತ್ಮ! ಪತ್ತೇದಾರ ಪುರುಷೋತ್ತಮನನ್ನು ತಿಳಿಯದ ಅಜ್ಜಂದಿರು ಯಾರಿದ್ದಾರೆ? ಫುಟ್‌ಪಾತಿನಲ್ಲಿ ಕೊಂಡದ್ದು, ರಟ್ಟು ಹರಿದಿತ್ತು, ಕೊನೇ ನಾಲ್ಕು ಪುಟ ನಾಪತ್ತೆ! ಕೊಲೆಗಾರ ಯಾರೋ ಇವತ್ತಿಗೂ ಗೊತ್ತಿಲ್ಲ. ಆದರೂ ಬಸ್ಸು ತುಮಕೂರು ದಾಟಿದ್ದು ತಿಳಿಯಲಿಲ್ಲ. ದೊಡ್ಡ ದೊಡ್ಡ ವಿಮರ್ಶಕರು ಇವರ ಹೆಸರು ಎತ್ತೋದು ಅಪರೂಪ. ಆದರೆ ಕೂಡಿಸಿಕೊಂಡು ಓದುವವರಿಗೆ ಸರಾಗ ಓದು ಕಲಿಸಿದ್ದು ಇಂಥ ಪುಸ್ತಕಗಳೇ ಅಲ್ವೇ?

ಕಾಡು ಸುತ್ತಿಸುವ ಮೇಷ್ಟ್ರು

ಮೂರನೆಯದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟ ಕಾಡು ಅಲೆದ ಕತೆ, ಚಿತ್ರಗಳೂ ಅವರವೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡದ ಹೆಸರು ಹೇಳುವಾಗಲೂ ನಗಿಸುತ್ತಾರೆ ಈ ಮಹಾನುಭಾವರು! ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ನಮಗೆ ಬಾಟನಿ ಅಂದರೆ ಬೋರ್ಡಿನ ಮೇಲೆ ಬರೆದದ್ದನ್ನು ನೋಟ್ಸಿಗೆ ಇಳಿಸೋದು, ಅಷ್ಟೆ. ಈ ಮೇಷ್ಟ್ರ ಹಿಂದೆ ಹೊರಟರೆ ಪಾಠ ಅನ್ನೋದು ನೆನಪಿಗೇ ಬರೋದಿಲ್ಲ. ಮಕ್ಕಳ ಕೈಗೆ ಮೊಬೈಲು ಕೊಡುವ ತಂದೆತಾಯಿಗಳೇ, ಇದನ್ನೊಂದು ಕೊಟ್ಟು ನೋಡಿ.

ಹಸೀನಾಗೆ ಮುಂಚಿನ ಅಶ್ರಫ್

ನಾಲ್ಕನೆಯದು ಬಾನು ಮುಷ್ತಾಕರ ಕತೆಗಳು. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಊರೆಲ್ಲ ಪಟಾಕಿ! ಆದರೆ ನಮ್ಮ ಸಿನಿಮಾದವರು ಹಾಸನದ ಈ ವಕೀಲೆಯನ್ನು ಎಷ್ಟೋ ಮೊದಲೇ ಗುರುತಿಸಿದ್ದರು. ಇವರ 'ಕರಿ ನಾಗರಗಳು' ಕತೆಯೇ ಗಿರೀಶ ಕಾಸರವಳ್ಳಿಯವರ 2004ರ 'ಹಸೀನಾ'. ತಾರಾಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಮೂರೂ ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ಚಿತ್ರದಲ್ಲಿ ನಮ್ಮ ಕಣ್ಣೆಲ್ಲ ತಾರಾ ಮೇಲೆ. ಕತೆ ಓದಿದರೆ ಸುತ್ತಲ ಹೆಂಗಸರೂ ಕಾಣುತ್ತಾರೆ. ಬಾಯಿ ಸತ್ತಂತಿದ್ದವರು ಕೊನೆಯಲ್ಲಿ ಬಾಯಿ ಬಿಡುತ್ತಾರಲ್ಲ, ಅಲ್ಲಿ ಮೈ ಜುಮ್ ಅನ್ನುತ್ತೆ!

ಕಾವೇರಿಗೆ ವಾಸಿಯಾಗಿತ್ತು, ಊರಿಗೆ?

ಕೊನೆಗೆ ತ್ರಿವೇಣಿಯವರ 'ಶರಪಂಜರ'. ಪುಟ್ಟಣ್ಣ ಕಣಗಾಲರ ಚಿತ್ರ, ಕಲ್ಪನಾ ಅಭಿನಯ, ಇದನ್ನೆಲ್ಲ ನಾನು ಹೇಳಬೇಕೆ? ನಮ್ಮಲ್ಲಿ ಹೆಚ್ಚಿನವರಿಗೆ ಕಾವೇರಿ ಅಂದರೆ ಕಲ್ಪನಾರ ಕೆದರಿದ ಕೂದಲು, ಆ ನಗು. ಕಾದಂಬರಿಯಲ್ಲಿ ನನ್ನನ್ನು ಹೆದರಿಸಿದ್ದು ಹುಚ್ಚಲ್ಲ, ಹುಚ್ಚು ವಾಸಿಯಾದ ಮೇಲಿನ ಭಾಗ. ಬಾಣಂತಿತನದಲ್ಲಿ ಮನಸ್ಸು ಕೆಟ್ಟಿತು, ಆಸ್ಪತ್ರೆಯಲ್ಲಿ ಗುಣವಾಯಿತು, ಮನೆಗೆ ಬಂದಳು. ಆದರೆ ಜೋರಾಗಿ ನಕ್ಕರೆ ಅನುಮಾನ, ಸುಮ್ಮನೆ ಕೂತರೆ ಅನುಮಾನ. ಗಂಡನೇ ದೂರ. ಕಾಯಿಲೆ ಅರ್ಧ ಕೆಡಿಸಿತು, ಜನ ಪೂರ್ತಿ ಮಾಡಿದರು.

ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1967ರ 'ಬೆಳ್ಳಿಮೋಡ'ವನ್ನೂ ಅವರು ನೋಡಲಿಲ್ಲ, 'ಶರಪಂಜರ'ವನ್ನೂ ನೋಡಲಿಲ್ಲ.

ಇದು ಹಳೇ ಕತೆ ಅಂತೀರಾ? ನಮ್ಮ ಬೀದಿಯಲ್ಲೇ ಒಬ್ಬ ಅಕ್ಕ ಇದ್ದಾರೆ. ಹೆರಿಗೆ ಆದಮೇಲೆ 'ಬಾಣಂತಿ ಸನ್ನಿ' ಅಂದರು. ಮಾತ್ರೆ ನುಂಗಿದರು, ಚೆನ್ನಾಗಾದರು. ಮಗ ಈಗ ಶಾಲೆಗೆ ಹೋಗ್ತಾನೆ, ಅವನ ಬುತ್ತಿ ಕಟ್ಟೋದು ಅವರೇ. ಆದರೂ ನಾಮಕರಣಕ್ಕೆ ಹೋದರೆ ಕೂಸನ್ನು ಅವರ ಕೈಗೆ ಯಾರೂ ಕೊಡೋದಿಲ್ಲ. "ನಿದ್ದೆ ಬಂದಿದೆ ಪಾಪೂಗೆ" ಅಂತ ಒಳಗೆ ಕರ್ಕೊಂಡು ಹೋಗ್ತಾರೆ. ಅಕ್ಕ ಸೆರಗು ಸರಿಮಾಡಿಕೊಂಡು ನಗ್ತಾರೆ. ಅವರು ಜೋರಾಗಿ ನಕ್ಕಿದ್ದನ್ನು ನಾನು ನೋಡೇ ಇಲ್ಲ.

ಚಿತ್ರ ನೋಡಿ ನಾವು ಕಲ್ಪನಾಗೆ ಕಣ್ಣೀರು ಹಾಕಿದೆವು. ಪುಸ್ತಕ ಹಾಗೆ ಬಿಡೋದಿಲ್ಲ. ಗಂಡನ ಜಾಗದಲ್ಲಿ, ನೆರೆಯವರ ಜಾಗದಲ್ಲಿ ನಮ್ಮನ್ನೇ ಕೂರಿಸಿ ನಿಧಾನಕ್ಕೆ ಕೇಳುತ್ತೆ: ನೀನಾಗಿದ್ದರೆ ಕೂಸನ್ನು ಕೊಡ್ತಿದ್ಯಾ?

ಸಿನಿಮಾ ನೋಡಿದ ಮೇಲೆ ಪುಸ್ತಕ ಯಾಕೆ ಅಂದಿರಲ್ಲ, ನನ್ನ ಉತ್ತರ ಇಷ್ಟೇ. 'ಶರಪಂಜರ' ಲೈಬ್ರರಿಯಲ್ಲಿ ಸಿಗುತ್ತೆ, ಓದಿ. ಓದಿ ಮುಗಿಸಿದ ಮೇಲೆ ನಿಮ್ಮ ಬೀದಿಯಲ್ಲೂ ಅಂಥ ಅಕ್ಕ ಇದ್ದರೆ, ಮುಂದಿನ ನಾಮಕರಣದಲ್ಲಿ ಕೂಸನ್ನು ಮೊದಲು ಅವರ ಮಡಿಲಿಗೇ ಕೊಡಿ.