ಶಿರಹಟ್ಟಿಯ ಫೈಲು ನಮ್ಮ ಫೋನಿನಲ್ಲೂ ತೆರೀಲಿ

ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯ ಕರಪತ್ರವನ್ನ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ನಮ್ಮ ಫೋನಿನಲ್ಲಿ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲು ಕೆಟ್ಟಿರೋದಿಲ್ಲ. ಹಳೇ ಫಾಂಟುಗಳು ಕನ್ನಡ ಅಕ್ಷರದ ತುಣುಕುಗಳನ್ನ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಲ್ಲೇ ಕೂರಿಸಿದ್ದವು. ಯೂನಿಕೋಡ್‌ನಲ್ಲಿ ‘ಕ’ ಅಕ್ಷರಕ್ಕೆ ತನ್ನದೇ ಸಂಖ್ಯೆ ಇದೆ: 3221. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದಕ್ಕೂ ಅದೇ.

ಪಿಡಿಎಫ್ ಮಾಡಿ ಕಳಿಸಿದ್ರೆ ಸಾಲದೇನು ಅಂತ ಕೇಳ್ತೀವಿ. ಓದೋಕೆ ಸಾಕು; ಆದರೆ ಅದರೊಳಗೆ ‘ಶಿರಹಟ್ಟಿ’ ಅಂತ ಹುಡುಕಿದ್ರೆ ಸಿಗೋದಿಲ್ಲ. ಹುಡುಕಿದರೂ ಸಿಗದ ಊರಿನ ಚರಿತ್ರೆ ಇದ್ದೂ ಇಲ್ಲದಂತೆ.

ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ. ಹೊಸದನ್ನ ಅದರಲ್ಲೇ ಬರೆಯೋಣ. ರಜೆಗೆ ಊರಿಗೆ ಹೋದಾಗ ತಲಾ ಹತ್ತು ಹಳೇ ಫೈಲುಗಳನ್ನ ಪರಿವರ್ತಿಸಿ, ಮೂಲದ ಜೊತೆ ತಾಳೆ ನೋಡೋಣ. ಒತ್ತಕ್ಷರ ತಪ್ಪಿದ್ದು ಯಂತ್ರಕ್ಕೆ ತಿಳಿಯದು, ನಮಗೆ ತಿಳಿಯುತ್ತೆ.