ಸಹಕಾರ ಯಾರೊಡನೆ, ಹಕ್ಕು ಯಾರದು?

ದೇಶ ದೇಶಗಳ ನಡುವಣ "ಸಹಕಾರ"ದ ಮಾತು ಈಗ ಬಹಳ ಅಗ್ಗವಾಗಿದೆ. ಒಪ್ಪಂದದ ಕಾಗದಕ್ಕೆ ರುಜು ಬೀಳುವಾಗ ಭದ್ರತೆ, ಸುಶಾಸನ, ಮಾನವ ಹಕ್ಕು ಎಂಬ ಮೂರು ಮಾತುಗಳು ತಪ್ಪದೆ ಕೇಳಿಬರುತ್ತವೆ. ಕೊಡುವ ದೇಶದ ಮಂತ್ರಿ ಹೇಳುತ್ತಾನೆ, ತೆಗೆದುಕೊಳ್ಳುವ ದೇಶದ ಮಂತ್ರಿ ತಲೆದೂಗುತ್ತಾನೆ. ಮಾಲೂರು, ಬಂಗಾರಪೇಟೆಗಳಿಂದ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬಂದು ಹೂಡಿಯಲ್ಲಿ ಇಳಿಯುವ ಕೆಲಸಗಾರನಿಗೆ ಈ ಮೂರರಲ್ಲಿ ಯಾವುದು ಎಷ್ಟು ದಕ್ಕಿದೆ? ಈ ಲೆಕ್ಕವನ್ನು ಆ ಮಂತ್ರಿಗಳು ಕೇಳುವವರಲ್ಲ. ಆದ್ದರಿಂದ ನಾವು ಕೇಳುತ್ತೇವೆ.

ಹೊರದೇಶದವರೆಂದ ಕೂಡಲೆ ಮುಖ ತಿರುಗಿಸುವವರು ನಾವಲ್ಲ. ಬೆಂಗಳೂರಿನ ಪೂರ್ವಕ್ಕಿರುವ ಈ ಸೀಮೆ ಎದ್ದು ನಿಂತದ್ದೇ ಹೊರಗಿನ ತಂತ್ರಜ್ಞಾನದಿಂದ. 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಕಾರಖಾನೆಗೆ ಇಂಗ್ಲೆಂಡಿನವರು ಕೈಗೂಡಿಸಿದರು. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಜರ್ಮನಿಯ ಎ.ಇ.ಜಿ. ಕಂಪನಿಯ ನೆರವಿನಿಂದ ಬಂದಿತು. ಎಚ್.ಎಂ.ಟಿ.ಗೆ ಸ್ವಿಜರ್ಲೆಂಡಿನ ಓರ್ಲಿಕಾನ್ ಜೊತೆಯಾಯಿತು. ಅವರು ಯಂತ್ರ ತಂದರು, ಕೆಲಸ ಕಲಿಸಿದರು. ಆದರೆ "ನಿಮ್ಮ ಕಾರ್ಮಿಕ ಕಾನೂನನ್ನು ತಿದ್ದಿಕೊಡಿ, ಆಮೇಲೆ ಬರುತ್ತೇವೆ" ಎಂಬ ಷರತ್ತಿನ ಮೇಲೆ ಈ ಕಾರಖಾನೆಗಳು ಎದ್ದವಲ್ಲ. ಅಲ್ಲಿ ಸಂಘ ಕಟ್ಟಲು ಅವಕಾಶವಿತ್ತು. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಹೆಚ್ಚು ಕೆಲಸಗಾರರು ಹೊರಬಿದ್ದು 77 ದಿನ ಮುಷ್ಕರ ಹೂಡಿದರೆಂದರೆ ಆ ಬಲ ಸಂಘದಿಂದ ಬಂದದ್ದು. (ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಮುಚ್ಚಿದವರು ಜರ್ಮನರಲ್ಲ ಎಂಬುದನ್ನು ಜ್ಞಾಪಿಸುವುದು ಒಳ್ಳೆಯದು.)

1990ರ ದಶಕದಲ್ಲಿ ಸಹಕಾರದ ವೇಷ ಬದಲಾಯಿತು. ಹೂಡಿಯ ಮಗ್ಗುಲಲ್ಲಿ ಸಿಂಗಪುರದ ಕಂಪನಿಗಳೂ ಟಾಟಾ ಸಂಸ್ಥೆಯೂ ನಮ್ಮ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೂ ಸೇರಿ ಐ.ಟಿ.ಪಿ.ಎಲ್. ಎಂಬ ಕೋಟೆಯನ್ನು ಕಟ್ಟಿದವು. ಅದರೊಳಗೆ ಅದಕ್ಕೇ ಬೇರೆ ವಿದ್ಯುತ್ ಸ್ಥಾವರ. ಕತ್ತಲೆ ಹೊರಗಿನ ಹಳ್ಳಿಗಳ ಪಾಲಿಗೆ. ಕಟ್ಟಡಗಳ ಬೆನ್ನಲ್ಲೇ ಕಾನೂನಿನ ವಿನಾಯಿತಿಯೂ ಬಂದಿತು. ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. 2014ರಲ್ಲಿ, 2019ರಲ್ಲಿ, 2024ರಲ್ಲಿ ಮತ್ತೆ ಮತ್ತೆ ಮುಂದುವರಿಸಿತು. ಕೆಲಸದಿಂದ ತೆಗೆಯುವ ಮುನ್ನ ಏನು ನಿಯಮ, ಶಿಕ್ಷೆಗೆ ಏನು ವಿಚಾರಣೆ ಎಂಬುದನ್ನು ಬರೆದಿಡಬೇಕೆಂದು ಹೇಳುವ ಕಾಯಿದೆ ಅದು. ಅಷ್ಟೂ ಭಾರವಾಯಿತೆ? 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಸಂಹಿತೆ ಬಂದು ಹಳೆಯ ಕಾಯಿದೆಯೇ ಹೋಯಿತು. ಈಗ ಮುನ್ನೂರು ಜನರಿಲ್ಲದ ಕಾರಖಾನೆಗೆ ಸ್ಥಾಯೀ ಆದೇಶಗಳ ಕಡ್ಡಾಯವೇ ಇಲ್ಲ. ಸಾದರಮಂಗಲ, ಹೂಡಿ, ದೊಡ್ಡನೆಕ್ಕುಂದಿಯ ಸಣ್ಣ ಷೆಡ್ಡುಗಳಲ್ಲಿ ಲೇತು ತಿರುಗಿಸುವವನು, ಪ್ಯಾಕಿಂಗ್ ಮಾಡುವವಳು ಯಾವ ಪುಸ್ತಕವನ್ನು ತೆರೆದು ತನ್ನ ಹಕ್ಕನ್ನು ತೋರಿಸಬೇಕು?

ಮುಂದಿನ ಹೆಜ್ಜೆ ಇದಕ್ಕಿಂತ ದಿಟ್ಟವಾದದ್ದು. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ 1948ರ ಕಾರಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನು ಹನ್ನೆರಡು ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಹೆಚ್ಚುವರಿ ದುಡಿಮೆಯ ಮಿತಿ 145ಕ್ಕೆ ಏರಿತು. ಇದರ ಹಿಂದೆ ಅಮೆರಿಕದ ಆಪಲ್ ಮತ್ತು ತೈವಾನಿನ ಫಾಕ್ಸ್‌ಕಾನ್ ಕಂಪನಿಗಳ ಒತ್ತಾಯವಿತ್ತೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಮರುತಿಂಗಳು ಬರೆಯಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಇದೆಯಲ್ಲ ಎಂದು ಸಮರ್ಥಕರು ಹೇಳಿದರು. ಹನ್ನೆರಡು ಗಂಟೆ ನಿಂತ ಕಾಲಿಗೆ ವಾರದ ಸರಾಸರಿಯನ್ನು ವಿವರಿಸಿ ಹೇಳುವ ಧೈರ್ಯ ಅವರಿಗಿದ್ದರೆ ಹೂಡಿಯ ನಿಲ್ದಾಣಕ್ಕೆ ಬರಲಿ. ಅದೇ ವರ್ಷ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಹೊಸಬರು ಆ ತಿದ್ದುಪಡಿಯನ್ನು ಕಿತ್ತುಹಾಕಲಿಲ್ಲ.

ಇನ್ನು ಭದ್ರತೆ. ಹೂಡಿಯಿಂದ ಹಳೆ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ನರಸಾಪುರ ಸಿಕ್ಕುತ್ತದೆ. ಅಲ್ಲಿನ ವಿಸ್ಟ್ರಾನ್ ಕಾರಖಾನೆಯಲ್ಲಿ 2020ರ ಡಿಸೆಂಬರ್ 12ರಂದು, ಸಂಬಳ ಕಡಿತವಾಯಿತು, ಸರಿಯಾಗಿ ಬರಲಿಲ್ಲ ಎಂದು ಕೆಲಸಗಾರರು ರೊಚ್ಚಿಗೆದ್ದರು. ಗಾಜು ಒಡೆಯಿತು, ಸಾಮಾನು ಹೋಯಿತು. ಒಡೆದದ್ದನ್ನು ನಾವು ಹೊಗಳುವುದಿಲ್ಲ. ಆದರೆ ಮುಂದೆ ನಡೆದದ್ದನ್ನು ನೋಡಿ. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. 437 ಕೋಟಿ ರೂಪಾಯಿ ನಷ್ಟವೆಂದು ಪೊಲೀಸ್ ದೂರಿನಲ್ಲಿ ಬರೆಯಲಾಯಿತು. ಅದೇ ಕಂಪನಿ ತೈವಾನಿನ ಷೇರುಪೇಟೆಗೆ ತಿಳಿಸಿದ ನಷ್ಟ 52 ಕೋಟಿಯನ್ನು ಮೀರಲಿಲ್ಲ. ಕಾರ್ಖಾನೆಗಳ ಇಲಾಖೆ ತಪಾಸಣೆಗೆ ಹೋದಾಗ ಕಾನೂನು ಉಲ್ಲಂಘನೆಗಳು ಕಂಡುಬಂದವು. ಕೆಲವರಿಗೆ ಸಂಬಳ ಸರಿಯಾಗಿ ಮುಟ್ಟಿರಲಿಲ್ಲವೆಂದು ಕಂಪನಿಯೂ ಒಪ್ಪಿಕೊಂಡು ಕ್ಷಮೆ ಕೇಳಿತು. ಇಲಾಖೆಯ ತಪಾಸಣೆ ಒಂದು ತಿಂಗಳು ಮುಂಚೆ ನಡೆದಿದ್ದರೆ? ಬಂಡವಾಳದ ಭದ್ರತೆಗೆ ಲಾಠಿ ಒಂದೇ ಗಳಿಗೆಯಲ್ಲಿ ಬರುತ್ತದೆ, ಕೂಲಿಯ ಭದ್ರತೆಗೆ ಇನ್‌ಸ್ಪೆಕ್ಟರು ಗಾಜು ಒಡೆದ ಮೇಲೆ ಬರುತ್ತಾರೆ. ಇದನ್ನು ಸುಶಾಸನವೆನ್ನುವವರು ಅನ್ನಲಿ.

ಅಂಗಡಿಯ ಬಂಧುಗಳೂ ಈ ಮಾತನ್ನು ಗಮನವಿಟ್ಟು ಓದಬೇಕು. ಇದು ಕಾರಖಾನೆಯವರ ಜಗಳ, ನಮಗೇನು ಎಂದುಕೊಳ್ಳಬೇಡಿ. 2020ರ ಏಪ್ರಿಲಿನಲ್ಲಿ ಸಿದ್ಧ ಉಡುಪಿನ ಕೆಲಸಗಾರರಿಗೆ ಬರಬೇಕಾಗಿದ್ದ ತುಟ್ಟಿಭತ್ಯ ತಿಂಗಳಿಗೆ ಸುಮಾರು 417 ರೂಪಾಯಿ. ಸರ್ಕಾರ ಅದನ್ನು ತಡೆಹಿಡಿಯಿತು. ಕೊಡಬೇಕೆಂದು ಸೆಪ್ಟೆಂಬರಿನಲ್ಲಿ ಹೈಕೋರ್ಟು ಹೇಳಿದರೂ ಬಹಳ ಮಂದಿ ಮಾಲೀಕರು ಕೊಡಲಿಲ್ಲ. ರಾಜ್ಯದಲ್ಲಿ ಈ ಕೆಲಸಗಾರರು ಸುಮಾರು ನಾಲ್ಕು ಲಕ್ಷ. ಗುಣಿಸಿ ನೋಡಿ: ತಿಂಗಳಿಗೆ ಹದಿನಾರೂವರೆ ಕೋಟಿಗೂ ಹೆಚ್ಚು. ಈ ಹಣ ಕೈಗೆ ಬಂದಿದ್ದರೆ ಎಲ್ಲಿಗೆ ಹೋಗುತ್ತಿತ್ತು? ಷೇರುಪೇಟೆಗಲ್ಲ. ಅಕ್ಕಿ, ಬೇಳೆ, ಸೋಪು, ಮಕ್ಕಳ ಚಪ್ಪಲಿ ಎಂದು ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತಿತ್ತು. ಬರಲಿಲ್ಲವಾಗಿ ನಿಮ್ಮ ಸಾಲದ ಪುಸ್ತಕ ದಪ್ಪವಾಯಿತು.

ಬಾಕಿ ಕೊನೆಗೆ ಬಂದದ್ದು ಹೇಗೆ? ಇಲ್ಲಿನ ಸಂಘಗಳು ಬಿಡದೆ ಹೋರಾಡಿದವು. ಅವರ ದಾಖಲೆಗಳನ್ನು ಹಿಡಿದು ಹೊರದೇಶದ ಕಾರ್ಮಿಕ ಹಕ್ಕಿನ ಸಂಸ್ಥೆಗಳು ಬಟ್ಟೆ ಕೊಳ್ಳುವ ದೊಡ್ಡ ಕಂಪನಿಗಳ ಬಾಗಿಲು ಬಡಿದವು. 2022ರಲ್ಲಿ ಮಾಲೀಕರು ಬಾಕಿಸಮೇತ ಕೊಡತೊಡಗಿದರು. ನಾವು ಸಹಕಾರವೆನ್ನುವುದು ಇದಕ್ಕೆ.

ಇದಕ್ಕೆ ಹಿಂದೆಯೂ ಒಂದು ನಿದರ್ಶನವಿದೆ. 2006ರಲ್ಲಿ ಬೆಂಗಳೂರಿನ ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಕಂಪನಿಯ ಹೊಲಿಗೆ ಕಾರಖಾನೆಗಳಲ್ಲಿ ಕಿರುಕುಳವಿದೆಯೆಂದು ಇಲ್ಲಿನ ಸಂಘಗಳು ದೂರಿದವು. ಕಂಪನಿ ಅದನ್ನು ಅಲ್ಲಗಳೆಯಿತು. ಸಂಘಗಳು ಆ ವಿಷಯವನ್ನು ಹೊರಗೆ ಹೇಳಬಾರದೆಂದು ನ್ಯಾಯಾಲಯದ ತಡೆಯಾಜ್ಞೆ ಬಂದಿತು. ಹಾಲೆಂಡಿನ ಎರಡು ಸಂಸ್ಥೆಗಳು ಮಾತನ್ನು ಮುಂದುವರಿಸಿದಾಗ ಅವರ ಮೇಲೂ ಬೆಂಗಳೂರಿನಲ್ಲಿ ಮಾನನಷ್ಟದ ಮೊಕದ್ದಮೆ ಬಿದ್ದು ವಾರಂಟಿನವರೆಗೆ ಹೋಯಿತು. 2008ರ ಜನವರಿಯಲ್ಲಿ ಹಾಲೆಂಡಿನ ಮಾಜಿ ಪ್ರಧಾನಿ ರೂಡ್ ಲಬ್ಬರ್ಸ್ ನಡುವೆ ನಿಂತು ರಾಜಿ ಮಾಡಿಸಿದರು. ಮೊಕದ್ದಮೆಗಳು ಹಿಂದೆ ಬಂದವು. ಬೆಂಗಳೂರಿನ ಹೊಲಿಗೆಯಾಳಿನ ದೂರಿಗೆ ನಮ್ಮ ವಿಧಾನಸೌಧದಲ್ಲಿ ಮಧ್ಯಸ್ಥನೊಬ್ಬ ಸಿಕ್ಕದೆ ಹಾಲೆಂಡಿನಿಂದ ಬರಬೇಕಾಯಿತಲ್ಲ! ಅದು ನಮಗೆ ಹೆಮ್ಮೆಯ ಸಂಗತಿಯಲ್ಲ.

ಹಾಗೆಂದು ಆ ದೇಶಗಳ ಸರ್ಕಾರಗಳನ್ನು ಪೂಜಿಸಬೇಕಾಗಿಲ್ಲ. ಸ್ವಿಜರ್ಲೆಂಡ್, ನಾರ್ವೆ ಮೊದಲಾದ ನಾಲ್ಕು ದೇಶಗಳೊಡನೆ ಭಾರತ 2024ರ ಮಾರ್ಚ್ 10ರಂದು ವ್ಯಾಪಾರದ ಒಪ್ಪಂದ ಮಾಡಿತು. 2025ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಹದಿನೈದು ವರ್ಷಗಳಲ್ಲಿ ಹತ್ತು ಸಾವಿರ ಕೋಟಿ ಡಾಲರು ಬಂಡವಾಳ, ಹತ್ತು ಲಕ್ಷ ಕೆಲಸ ಎಂಬ ಗುರಿ ಅದರಲ್ಲಿದೆ. ಕಾರ್ಮಿಕರ ಹಕ್ಕಿನ ಅಧ್ಯಾಯವೂ ಇದೆ. ಆದರೆ ಸುಂಕದ ವಿಷಯದಲ್ಲಿ ಮಾತು ತಪ್ಪಿದರೆ ಪಂಚಾಯಿತಿಗೆ ಎಳೆಯಬಹುದು, ಹಕ್ಕಿನ ಅಧ್ಯಾಯವನ್ನು ಆ ಪಂಚಾಯಿತಿಯಿಂದ ಹೊರಗಿಟ್ಟಿದ್ದಾರೆ. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ! ನಮ್ಮ ಕೇಂದ್ರ ಸರ್ಕಾರಕ್ಕೂ ಇದು ಹಿತವೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ 1919ರಿಂದ ಸದಸ್ಯವಾಗಿರುವ ಭಾರತ, ಸಂಘ ಕಟ್ಟುವ ಹಕ್ಕಿನ 87ನೆಯ ನಿರ್ಣಯಕ್ಕೂ, ಸಾಮೂಹಿಕ ಚೌಕಾಸಿಯ 98ನೆಯ ನಿರ್ಣಯಕ್ಕೂ ಇಂದಿನವರೆಗೆ ಸಮ್ಮತಿ ಕೊಟ್ಟಿಲ್ಲ.

ಹಾಗಾದರೆ ಹೂಡಿಯಲ್ಲಿ ಏನಾಗಬೇಕು? ಹೊರದೇಶದ ಕೊಳ್ಳುವವರು ಕಾರಖಾನೆಗೆ ಪರೀಕ್ಷಕರನ್ನು ಕಳಿಸುತ್ತಾರೆ. ಅಂದು ನೆಲ ತೊಳೆಯುತ್ತಾರೆ, ಬೆಂಕಿ ಆರಿಸುವ ಸಿಲಿಂಡರು ಗೋಡೆಗೇರುತ್ತದೆ. ವರದಿ ಇಂಗ್ಲಿಷಿನಲ್ಲಿ ಬರೆದು ಕೊಳ್ಳುವವನಿಗೆ ಹೋಗುತ್ತದೆ. ಯಾರ ವಿಷಯವಾಗಿ ಬರೆದರೋ ಅವರು ಅದನ್ನು ಕಾಣುವುದಿಲ್ಲ. ಆ ವರದಿಯನ್ನು ಕನ್ನಡದಲ್ಲಿಯೂ, ಒಡಿಶಾ ಬಿಹಾರಗಳಿಂದ ಬಂದವರ ಭಾಷೆಯಲ್ಲಿಯೂ ಗೇಟಿನ ಹಲಗೆಗೆ ಅಂಟಿಸಲಿ. ಪರೀಕ್ಷಕರು ಸಂಘದವರನ್ನು ಕಾರಖಾನೆಯ ಹೊರಗೆ ಕಂಡು ಮಾತಾಡಲಿ. ವಿದೇಶಿ ಬಂಡವಾಳಕ್ಕೆ ಭೂಮಿ, ರಿಯಾಯಿತಿ ಕೊಡುವ ಪ್ರತಿಯೊಂದು ಒಪ್ಪಂದದಲ್ಲೂ ಕಾರ್ಮಿಕ ಕಾನೂನಿನ ಬಗ್ಗೆ ಏನು ಮಾತಾಯಿತೆಂಬುದನ್ನು ಸರ್ಕಾರ ಸದನದ ಮುಂದಿಡಲಿ. ಹನ್ನೆರಡು ಗಂಟೆಯ ದಿನವನ್ನು ಯಾರು ಕೇಳಿದರು, ಯಾವ ಪತ್ರದಲ್ಲಿ ಕೇಳಿದರು ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವರು ಲಿಖಿತ ಉತ್ತರ ಕೊಡಲಿ. ಉತ್ತರ ಬಂದ ವಾರವೇ ಒಂದಕ್ಷರ ಬಿಡದೆ ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.