ಚಪ್ಪರವಿಲ್ಲದ ರಾಮನವಮಿ

ಯುಗಾದಿಯ ಬೇವುಬೆಲ್ಲ ಸವಿದು ಮುಗಿಯುವಷ್ಟರಲ್ಲಿ ಬೆಂಗಳೂರಿನ ಬೇಸಗೆಗೆ ಇಂಪಾದ ಸೊಗಸೊಂದು ಕೂಡಿಬರುತ್ತದೆ. ಊರಿನ ಹಲವೆಡೆ ರಾಮನವಮಿಯ ಚಪ್ಪರಗಳು ಏಳುತ್ತವೆ. ಪಾನಕ, ಕೋಸಂಬರಿ, ನೀರುಮಜ್ಜಿಗೆಗಳೊಡನೆ ಸಂಜೆಯ ಕಚೇರಿಗಳೂ ಮೊದಲಾಗುತ್ತವೆ. ಇವುಗಳಲ್ಲಿ ಹಿರಿದೆನಿಸಿದ್ದು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ ನಡೆಸುವ ಉತ್ಸವ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಹುಟ್ಟುಹಾಕಿದ ಈ ಮಂಡಳಿಯ ವೇದಿಕೆಯಲ್ಲಿ ಚೆಂಬೈ ವೈದ್ಯನಾಥ ಭಾಗವತರು, ಎಂ.ಎಸ್. ಸುಬ್ಬುಲಕ್ಷ್ಮಿ ಮೊದಲಾದ ಮಹನೀಯರು ಹಾಡಿದ್ದಾರೆ. ಹಬ್ಬ ಯಾರದೇ ಆಗಲಿ, ಸಂಗೀತ ಎಲ್ಲರದು ಎಂಬ ಭಾವದಿಂದ ನಮ್ಮ ಮನೆತನಗಳವರೂ ಅಲ್ಲಿಗೆ ಹೋಗಿ ಕುಳಿತು ಕೇಳಿದವರೇ.

ಇಂತಹ ಪರಂಪರೆಗೆ 2020ರಲ್ಲಿ ಒದಗಿದ ಪರೀಕ್ಷೆಯನ್ನು ನಾವು ಇಷ್ಟು ಬೇಗ ಮರೆಯಬಾರದು. ಆ ವರ್ಷದ ಮಾರ್ಚ್ 25ರಂದು ಯುಗಾದಿ. ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದುದೂ ಅಂದೇ. ಏಪ್ರಿಲ್ 2ರ ರಾಮನವಮಿಯ ಸಂಜೆ ಚಪ್ಪರಗಳಿಲ್ಲ, ಶ್ರುತಿಯಿಲ್ಲ, ಬೀದಿಯಲ್ಲಿ ಜನರೇ ಇಲ್ಲ. ಮುಂದಿನ ವರ್ಷ ಹೇಗೋ ಚೇತರಿಸಿಕೊಳ್ಳಬಹುದೆಂಬ ಆಸೆಯೂ ಕೈಗೂಡಲಿಲ್ಲ. 2021ರ ಏಪ್ರಿಲ್ 21ರ ರಾಮನವಮಿಯಂದೇ ರಾಜ್ಯದಾದ್ಯಂತ ರಾತ್ರಿ ಕರ್ಫ್ಯೂ ಆರಂಭವಾಯಿತು; ವಾರ ಕಳೆಯುವುದರೊಳಗೆ ಬಾಗಿಲುಗಳೆಲ್ಲ ಮತ್ತೆ ಮುಚ್ಚಿದವು.

ಹಾಡುವುದರಲ್ಲಿ ಅಂಥ ಅಪಾಯವೇನಿದೆ ಎಂದು ಆಗ ಹಲವರು ಕೇಳಿದ್ದುಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಗಾಯನವೃಂದವೊಂದರ ಅಭ್ಯಾಸಕ್ಕೆ 61 ಮಂದಿ ಸೇರಿದ್ದರು. ಅವರಲ್ಲಿ 53 ಮಂದಿ ರೋಗಕ್ಕೆ ತುತ್ತಾದರು, ಇಬ್ಬರು ಅಸುನೀಗಿದರು. ಅದೇ ದಿನ ನಮ್ಮ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಅದೆಂದು ಎರಡು ದಿನಗಳ ಬಳಿಕ ತಿಳಿದುಬಂತು. ತುಂಬು ಕಂಠದಿಂದ ಹಾಡುವಾಗ ಉಸಿರಿನೊಡನೆ ಸೂಕ್ಷ್ಮ ಹನಿಗಳು ಹೆಚ್ಚಾಗಿ ಹೊರಬೀಳುತ್ತವೆ. ನಮ್ಮ ಕಚೇರಿಗಳ ಶ್ರೋತೃಗಳಲ್ಲಿ ಹಿರಿಯ ವಯಸ್ಸಿನವರೇ ಹೆಚ್ಚು. ಹೀಗಿರುವಾಗ ಚಪ್ಪರ ಹಾಕದಿರುವುದೇ ಕೇಳುಗರಿಗೆ ಸಲ್ಲಿಸಬಹುದಾದ ದೊಡ್ಡ ಸೇವೆಯಾಗಿತ್ತು.

ಬೆಂಗಳೂರಿಗೆ ಇಂತಹ ಸಂಕಟ ಹೊಸದಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಜನರು ಇಕ್ಕಟ್ಟಿನ ಪೇಟೆಯ ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳಲ್ಲಿ ದಿನ ಕಳೆದರು. ಗಾಳಿ ಬೆಳಕುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದು ಆ ದುರಂತದ ಬೆನ್ನಿಗೇ. ಮುಂದೆ ಅದೇ ಬಡಾವಣೆಗಳು ಸಂಗೀತದ ತವರುಗಳಾದವು. ಪಿಡುಗು ಚದುರಿಸಿದ ಜನ ಹೊಸ ನೆಲೆಯಲ್ಲಿ ಮತ್ತೆ ಒಂದುಗೂಡಿದರು. ಈ ಬಾರಿಯ ಪಿಡುಗಿನಲ್ಲಿ ದೊರೆತ ಹೊಸ ನೆಲೆಯೆಂದರೆ ಅಂತರ್ಜಾಲ.

ದೇಶದ ಹಲವು ಸಭೆಗಳು ಕಚೇರಿಗಳನ್ನು ಅಂತರ್ಜಾಲದಲ್ಲಿ ಪ್ರಸಾರ ಮಾಡತೊಡಗಿದವು. ಚೆನ್ನೈನ ಮ್ಯೂಸಿಕ್ ಅಕಾಡೆಮಿಯೂ 2020ರ ಡಿಸೆಂಬರ್ ಉತ್ಸವವನ್ನು ಈ ಮಾರ್ಗದಲ್ಲಿಯೇ ನಡೆಸಿತು. ನಮ್ಮ ಉತ್ತರ ಬೆಂಗಳೂರಿನವರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಯಲಹಂಕದಿಂದಲೋ ಆರ್.ಟಿ. ನಗರದಿಂದಲೋ ಚಾಮರಾಜಪೇಟೆಗೆ ಹೋಗಿ, ಕಚೇರಿ ಮುಗಿದ ಮೇಲೆ ಬಸ್ಸು ಹಿಡಿದು ಮನೆ ಸೇರುವುದೆಂದರೆ ವಯಸ್ಸಾದವರಿಗೆ ಆಗದ ಮಾತು. ಯಶವಂತಪುರದವರಿಗೆ ಅತ್ತ ಹೋಗಲು 2017ರಿಂದ ಮೆಟ್ರೋ ಒದಗಿತ್ತು. ಯಲಹಂಕ, ಹೆಬ್ಬಾಳದವರಿಗೆ ಆ ಅನುಕೂಲವೂ ಆಗ ಇರಲಿಲ್ಲ. ಮಂಡಿನೋವಿನಿಂದ ಕಚೇರಿಯ ಆಸೆಯನ್ನೇ ಬಿಟ್ಟಿದ್ದ ಅಜ್ಜಿಯರ ಮುಂದೆ ಮೊಮ್ಮಕ್ಕಳು ಮೊಬೈಲನ್ನು ಲೋಟಕ್ಕೆ ಆನಿಸಿ ನಿಲ್ಲಿಸಿದಾಗ, ತೋಡಿಯೋ ಕಾಂಬೋಧಿಯೋ ಅಡುಗೆಮನೆಯವರೆಗೆ ಹರಿದುಬಂತು. ದೂರದೇಶದಲ್ಲಿರುವ ಮಗಳೂ ಅದೇ ಹೊತ್ತಿಗೆ ಅದೇ ಹಾಡನ್ನು ಕೇಳಬಹುದಾಯಿತು.

ಆದರೆ ಸೌಲಭ್ಯವನ್ನು ಮೆಚ್ಚುವಾಗ ನಷ್ಟವನ್ನೂ ಲೆಕ್ಕ ಹಿಡಿಯಬೇಕಷ್ಟೆ. ನಮ್ಮ ಸಂಗೀತದ ಜೀವಾಳ ಮನೋಧರ್ಮ. ಗಾಯಕರು ಆ ಕ್ಷಣದಲ್ಲಿ ಕಲ್ಪಿಸಿದ ಸ್ವರವನ್ನು ಪಿಟೀಲಿನವರು ಹಿಂಬಾಲಿಸಬೇಕು, ಮೃದಂಗದವರು ಅದರ ನಡೆಯನ್ನರಿತು ನುಡಿಸಬೇಕು. ಬೇರೆ ಬೇರೆ ಮನೆಗಳಲ್ಲಿ ಕುಳಿತು ಅಂತರ್ಜಾಲದ ಮೂಲಕ ಕೂಡಿ ನುಡಿಸಲು ಹೊರಟರೆ ಧ್ವನಿ ತಲಪುವುದು ತುಸು ತಡವಾಗುತ್ತದೆ. ಮಾತಿಗೆ ಆ ತಡ ಬಾಧಕವಲ್ಲ. ತಾಳಕ್ಕೆ ಮಾತ್ರ ಅದು ಮಾರಕ. ಆದ್ದರಿಂದ ಕೆಲವರು ಒಬ್ಬೊಬ್ಬರಾಗಿ ಧ್ವನಿಮುದ್ರಿಸಿ ಬಳಿಕ ಜೋಡಿಸಿದರು. ಕೆಲವರು ತಂಬೂರಿಯೊಂದನ್ನೇ ನೆಚ್ಚಿ ಹಾಡಿದರು. ಎದುರಿಗೆ ಖಾಲಿ ಕುರ್ಚಿಗಳು. ಒಂದು ಒಳ್ಳೆಯ ಸಂಗತಿ ಮೂಡಿದಾಗ ತಲೆದೂಗುವವರಿಲ್ಲ, ‘ಭಲೇ’ ಎನ್ನುವವರಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಹೊಟ್ಟೆಯದು. ಹೆಸರಾಂತ ಗಾಯಕರು ಹೇಗೋ ನಿಭಾಯಿಸಿಯಾರು. ಬೇಸಗೆಯ ಉತ್ಸವ, ಮದುವೆ, ಜಾತ್ರೆಗಳ ಸಂಭಾವನೆಯಿಂದಲೇ ವರ್ಷವನ್ನು ತೂಗಿಸುವ ಪಕ್ಕವಾದ್ಯದವರು, ನಾಗಸ್ವರ-ಡೋಲಿನವರು, ಧ್ವನಿವರ್ಧಕದವರು, ಚಪ್ಪರ ಕಟ್ಟುವ ಕೂಲಿಗಳು, ಇವರೆಲ್ಲರ ಪಾಡೇನು? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದುದು ಅವರು ಸ್ವಾಭಿಮಾನದಿಂದ ಬದುಕಲೆಂದು. ಜಾತ್ರೆ ಪುರಾಣಗಳು ನಿಂತರೆ ಅಂತಹ ಕಲಾವಿದರಿಗೆ ಕಾಯಕವೇ ನಿಂತಂತೆ. ಕಾಯಕದ ಬೆಲೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಕೇಳುವುದು ರೂಢಿಯಾದಂತೆ, ಸಂಗೀತಕ್ಕೆ ಹಣ ಕೊಡುವುದೇಕೆ ಎಂಬ ಭಾವನೆಯೂ ಮೆಲ್ಲಗೆ ಬೇರೂರುತ್ತದೆ. ಪಿಡುಗು ತೊಲಗಿದ ಮೇಲೂ ಉಳಿದುಬಿಡುವ ರೋಗವಿದು.

2022ರಲ್ಲಿ ನಿರ್ಬಂಧಗಳು ಸಡಿಲಗೊಂಡು ಕಚೇರಿಗಳು ಮತ್ತೆ ಜನರ ನಡುವೆ ನಡೆಯತೊಡಗಿದವು. ಹಾಗೆಂದು ಆ ಎರಡು ವರ್ಷಗಳ ಪಾಠವನ್ನು ಮೂಲೆಗೆಸೆಯಬೇಕಾಗಿಲ್ಲ. ನಡೆಯಲಾರದ ಹಿರಿಯರಿಗೆ, ಹಾಸಿಗೆ ಹಿಡಿದವರಿಗೆ, ಹೊರನಾಡಿನವರಿಗೆ ಅಂತರ್ಜಾಲದ ಪ್ರಸಾರ ಉಳಿಯಬೇಕು. ಅದಕ್ಕೊಂದು ಮಿತವಾದ ಶುಲ್ಕವನ್ನಿಟ್ಟರೆ ಕೊಡಲು ನಾವು ಹಿಂಜರಿಯಬಾರದು. ನಡೆಯಬಲ್ಲವರಾದರೋ ಚಪ್ಪರಕ್ಕೇ ಹೋಗಬೇಕು. ಮುಂದಿನ ಬೇಸಗೆಯಲ್ಲಿ ಒಂದು ಸಂಜೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ, ಟಿಕೆಟ್ಟು ಕೊಂಡು, ಕಚೇರಿ ಮುಗಿಯುವ ತನಕ ಕುಳಿತು ಬನ್ನಿ. ಮನೆಯ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಧ್ವನಿಮುದ್ರಿಕೆ ಹಾಕುವ ಬದಲು ಇಬ್ಬರು ಕಲಾವಿದರನ್ನು ಕರೆಸಿ, ಉಚಿತವಾದ ಸಂಭಾವನೆಯಿತ್ತು ಕಳುಹಿಸಿ. ಒಂದು ಕುಟುಂಬದಿಂದ ಇಷ್ಟು ನಡೆದರೆ ಸಾಕು. ಮುಂದೆ ಎಂದಾದರೂ ಇಂತಹ ಕಾಲ ಮರಳಿದಾಗ ಆ ಕಲಾವಿದರ ಮನೆಯ ಒಲೆ ಆರದಂತೆ ನೋಡಿಕೊಳ್ಳುವ ಬಂಧುಬಳಗವೊಂದು ಅವರಿಗಿರುತ್ತದೆ.